ಈಶ್ವರಿ ಬಳ್ಳಿಯ ಬುಡದಲ್ಲಿ ನಾಲ್ಕು ದಿನ

ಮೊದಲ ದಿನ

ಶಿರಸಿಯಲ್ಲಿ ಬಸ್ಸಿಳಿದಾಗ ಬೆಳಿಗ್ಗೆ ಆರೂಕಾಲು. ಅಕ್ಟೋಬರ್ ಎರಡನೇ ವಾರ. ಮಳೆ ಮುಗಿದಿತ್ತು ಅನ್ನೋಕಾಗಲ್ಲ, ಸುಸ್ತಾಗಿ ಒಂದು ಕಡೆ ಕೂತಿತ್ತು ಅಷ್ಟೇ. ಗೆಳೆಯ ಬೈಕ್ ತಂದು ಕಾಯುತ್ತಿದ್ದ. ಕುಮಟಾ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಒಳಗೆ ತಿರುಗಿದರೆ ಅವನ ಮನೆ. ಮುಂದೆ ಅಡಿಕೆ ತೋಟ, ಹಿಂದೆ ಬೆಟ್ಟ.

ನಾನು ಬಂದಿದ್ದು ಒಂದೇ ಒಂದು ಚಿಟ್ಟೆಗೆ. ಸದರ್ನ್ ಬರ್ಡ್‌ವಿಂಗ್. ಇಲ್ಲಿ ಹಕ್ಕಿರೆಕ್ಕೆ ಅಂತಲೇ ಕರೆಯುತ್ತೇನೆ, ಬರೆಯೋಕೂ ಸುಲಭ, ಕೇಳೋಕೂ ಚೆಂದ. ಮೂರು ವರ್ಷದಿಂದ ಇದರ ಹಿಂದೆ ಬಿದ್ದಿದ್ದೆ. ನನ್ನ ಹತ್ತಿರ ಇದರ ಫೋಟೋ ಇಲ್ಲ ಅಂತಲ್ಲ. ಎಲ್ಲವೂ ಕೆಳಗಿನಿಂದ ತೆಗೆದವು. ಬೆಳ್ಳಗಿನ ಆಕಾಶದಲ್ಲಿ ಒಂದು ಕಪ್ಪು ಚುಕ್ಕೆ. ತೋರಿಸಿದರೆ ಮನೆಯವರು 'ಬಾವಲಿಯಾ?' ಅಂತ ಕೇಳಿದ್ದರು.

ಇದು ನಮ್ಮ ರಾಜ್ಯದ ಚಿಟ್ಟೆ. 2015ರಲ್ಲಿ ಮಹಾರಾಷ್ಟ್ರ ಬ್ಲೂ ಮಾರ್ಮನ್ ಅನ್ನು ತನ್ನ ಚಿಟ್ಟೆ ಅಂತ ಸಾರಿತು, ಆಮೇಲೆ ನಮ್ಮವರೂ ಒಂದನ್ನು ಆರಿಸಿದರು. ಮೈಮೇಲೆ ಹಳದಿ ಕೆಂಪು ಎರಡೂ ಇದೆ, ನಮ್ಮ ಬಾವುಟದ ಹಾಗೆ ಅಂತ ಕಾರಣ ಹೇಳ್ತಾರೆ. ಹಳದಿಯೇನೋ ಸರಿ, ಹಿಂದಿನ ರೆಕ್ಕೆ ಪೂರ್ತಿ ಅರಿಶಿನ ಬಳಿದ ಹಾಗಿರುತ್ತೆ. ಕೆಂಪನ್ನು ಮಾತ್ರ ಹುಡುಕಬೇಕು. ಕತ್ತಿನ ಹತ್ತಿರ ಒಂದು ಚೂರು ಇದೆ, ಕುಂಕುಮದ ಬೆರಳು ಒರೆಸಿದ ಹಾಗೆ.

ಅಂಗಳಕ್ಕೆ ಕಾಲಿಟ್ಟ ಕೂಡಲೇ ಗೆಳೆಯನ ಆಯಿ, "ತಮಾ, ಆಸ್ರಿಗೆ ಎಂತ ಬೇಕು?" ಅಂದರು. ಈ ಕಡೆ ಬಂದವರಿಗೆ ಮೊದಲು ಸಿಗುವ ಪ್ರಶ್ನೆಯೇ ಇದು. ಚಹಾ ಅಂದೆ. ಲೋಟ ಕೈಗೆ ಬರುವಷ್ಟರಲ್ಲಿ ಗೆಳೆಯ ಭುಜ ತಟ್ಟಿದ. ಅಂಗಳದ ಮೂಲೆಯ ರಥಪುಷ್ಪದ ಮೇಲೆ ಅದು ಕೂತಿತ್ತು. ಕೂತಿತ್ತು ಅನ್ನೋದು ತಪ್ಪು. ಈ ಚಿಟ್ಟೆ ಹೂವಿನ ಮೇಲೆ ಕೂರೋದೇ ಇಲ್ಲ. ಕಾಲನ್ನು ಊರಿಕೊಂಡು, ಮುಂದಿನ ರೆಕ್ಕೆಗಳನ್ನು ಪಟಪಟ ಬಡಿಯುತ್ತಲೇ ಮಕರಂದ ಹೀರುತ್ತೆ. ಇಷ್ಟು ದೊಡ್ಡ ಮೈಯ ಭಾರವನ್ನು ಹೂವಿನ ಮೇಲೆ ಬಿಟ್ಟರೆ ಹೂವು ತಾಳಬೇಕಲ್ಲ.

ಗಂಡು. ಹಿಂದಿನ ರೆಕ್ಕೆಯ ಹಳದಿ ಚೊಕ್ಕವಾಗಿತ್ತು, ಅಂಚಿಗೆ ಮಾತ್ರ ಕಪ್ಪು. ಹೆಣ್ಣಿಗಾದರೆ ಆ ಹಳದಿಯೊಳಗೂ ಒಂದು ಸಾಲು ಕಪ್ಪು ಬೊಟ್ಟುಗಳು ಇರುತ್ತವೆ. ಲೋಟ ಜಗಲಿ ಮೇಲಿಟ್ಟು ಕ್ಯಾಮೆರಾ ತೆಗೆದೆ. ಲೆನ್ಸ್ ಮೇಲೆ ಮಂಜು. ಒರೆಸಿದೆ. ಅಷ್ಟರಲ್ಲಿ ಅದು ಎದ್ದು ಬೇಲಿಯ ಕಡೆ ಹೊರಟಿತ್ತು. ನಾನೂ ಹೊರಟೆ. ಕಣ್ಣು ಮೇಲೆ, ಕಾಲು ಎಲ್ಲೋ. ಬೇಲಿ ಹತ್ತಿರ ಕಾಲಿಗೆ ಏನೋ ಸುತ್ತಿಕೊಂಡಿತು, ಜಾಡಿಸಿ ಕಿತ್ತುಕೊಂಡೆ, ಇನ್ನೆರಡು ಹೆಜ್ಜೆ ಓಡಿದೆ, ಜಾರಿ ಕೂತೆ. ಚಿಟ್ಟೆ ಅಡಿಕೆ ಮರದ ತಲೆ ದಾಟಿ ಹೋಯಿತು.

ಸಿಕ್ಕಿದ್ದು ಒಂದು ಫೋಟೋ. ಅರ್ಧ ರೆಕ್ಕೆ, ಉಳಿದದ್ದೆಲ್ಲ ಬೇಲಿ. ಜೊತೆಗೆ ಮೂರು ಉಂಬಳ. ಒಂದಂತೂ ಸಾಕ್ಸ್ ಒಳಗೇ ಹೊಟ್ಟೆ ತುಂಬಿಸಿಕೊಂಡು ಬಿದ್ದಿತ್ತು.

ಉಳಿದ ದಿನ ಸುಮ್ನೆ ಹೋಯಿತು. ಮಧ್ಯಾಹ್ನ ಅಪ್ಪೆಹುಳಿ ಉಂಡು ಒಳ್ಳೇ ನಿದ್ದೆ.

ಎರಡನೇ ದಿನ

ಎಚ್ಚರವಾಗಿದ್ದು ಆಯಿಯ ದನಿಗೆ.

"ಯಾರು ಇದನ್ನ ಮೆಟ್ಟಿಹಾಕಿದ್ದು?"

ಹೊರಗೆ ಹೋಗಿ ನೋಡಿದೆ. ಬೇಲಿಯ ಗೊಬ್ಬರದ ಗಿಡಕ್ಕೆ ಹಬ್ಬಿದ್ದ ಒಂದು ಬಳ್ಳಿ ಅರ್ಧಕ್ಕೆ ಕಿತ್ತು ನೆಲಕ್ಕೆ ಬಿದ್ದಿತ್ತು. ನಿನ್ನೆ ಕಾಲಿಗೆ ಸುತ್ತಿಕೊಂಡಿದ್ದು ಅದೇ. ತಪ್ಪೊಪ್ಪಿಕೊಂಡೆ. ಆಯಿ ನನ್ನನ್ನು ಒಂದು ಸಲ ನೋಡಿದರು. ನೆಂಟ ಅಂತ ಸುಮ್ಮನಾದರು ಅನ್ಸುತ್ತೆ. "ಎಂತಾ ಮಾಡಿದ್ಯೋ ತಮಾ! ಅದು ಈಶ್ವರಿ ಬಳ್ಳಿ. ನೀ ಹುಡುಕ್ತಾ ಇದ್ಯಲ, ಆ ಚಿಟ್ಟೆದೇಯ. ಬೇಲಿ ಸವರಕ್ಕಾದ್ರೂ ಆನು ಅದನ್ನ ಬಿಟ್ಟಿದ್ದಿ."

ಈ ವಿಷಯ ನನಗೆ ಗೊತ್ತಿಲ್ಲದ್ದೇನಲ್ಲ. ಹಕ್ಕಿರೆಕ್ಕೆಯ ಹುಳು ತಿನ್ನೋದು ಈ ಜಾತಿಯ ಗಿಡಗಳನ್ನು ಮಾತ್ರ ಅಂತ ಓದಿದ್ದೆ. ಓದಿದ್ದವನೇ ಮೆಟ್ಟಿದ್ದೆ. ಹೂವು ಯಾವುದಾದರೂ ನಡೆಯುತ್ತೆ ಈ ಚಿಟ್ಟೆಗೆ. ರಥಪುಷ್ಪ, ಕೇಪಳ, ಕಡೆಗೆ ಹಾಳು ಲಂಟಾನ ಕೂಡ. ಆದರೆ ಮೊಟ್ಟೆ ಇಡೋಕೆ ಈಶ್ವರಿಯ ಕುಲವೇ ಬೇಕು. ಆ ಬಳ್ಳಿ ಇಲ್ಲದ ಊರಲ್ಲಿ ಎಷ್ಟು ಹೂವಿನ ಗಿಡ ನೆಟ್ಟರೂ ಅದು ಬಂದು ಹೋಗುವ ನೆಂಟ ಅಷ್ಟೇ, ಮನೆಯವನಲ್ಲ.

ಬಾಳೆ ಪಟ್ಟೆ ಸೀಳಿ ನಾರು ಮಾಡಿಕೊಟ್ಟರು ಆಯಿ. ಕಿತ್ತು ಹೋಗಿದ್ದ ಭಾಗವನ್ನು ಬಿಟ್ಟು, ಬೇರಿಗೆ ಅಂಟಿಕೊಂಡಿದ್ದ ಎರಡು ಎಳೆಗಳನ್ನು ಮತ್ತೆ ಗಿಡಕ್ಕೆ ಕಟ್ಟಿದೆ. ಹಾಗೆ ಮಂಡಿಯೂರಿ ಕೂತಾಗಲೇ ಆ ಬಳ್ಳಿಯನ್ನು ಸರಿಯಾಗಿ ನೋಡಿದ್ದು.

ಮೊದಲು ಹೂವು. ಕಿರುಬೆರಳಿನಷ್ಟು ಸಣ್ಣದು. ಬುಡದಲ್ಲಿ ಒಂದು ಗುಂಡು, ಅಲ್ಲಿಂದ ಕೊಳವೆ, ತುದಿಯಲ್ಲಿ ನೇರಳೆ ಬಣ್ಣದ ನಾಲಿಗೆ. ಮೂಗಿಗೆ ಹಿಡಿದರೆ ಒಳ್ಳೆಯ ವಾಸನೆ ಅಲ್ಲ. ಅದು ಕರೆಯೋದು ಜೇನನ್ನಲ್ಲ, ಸಣ್ಣ ನೊಣಗಳನ್ನು. ಕೊಳವೆಯ ಒಳಗೆ ಕೂದಲುಗಳು ಒಳಮುಖವಾಗಿ ಇರುತ್ತವೆ. ನೊಣ ಒಳಗೆ ಹೋಗಬಹುದು, ಹೊರಗೆ ಬರೋಕೆ ಆಗಲ್ಲ. ಮೊದಲು ಹೂವಿನ ಹೆಣ್ಣು ಭಾಗ ಬಲಿತಿರುತ್ತೆ, ನೊಣ ತಂದ ಪರಾಗ ಅದಕ್ಕೆ ತಾಗುತ್ತೆ. ಆಮೇಲೆ ಕೇಸರಗಳು ಬಿರಿದು ನೊಣದ ಮೈಗೆ ಹೊಸ ಪರಾಗ ಬಳಿಯುತ್ತವೆ. ಅಷ್ಟಾದ ಮೇಲೆ ಕೂದಲು ಬಾಡಿ ಬಾಗಿಲು ತೆರೆಯುತ್ತೆ. ಬಿಡುಗಡೆಯಾದ ನೊಣ ಬುದ್ಧಿ ಕಲಿಯೋದಿಲ್ಲ, ನೇರ ಇನ್ನೊಂದು ಹೂವಿಗೆ ಹೋಗುತ್ತೆ. ಒಂದು ಹೂವನ್ನು ಸೀಳಿ ನೋಡಿದೆ. ಎರಡು ನೊಣ ಒಳಗಿದ್ದವು.

ಕಾಯಿ ಇನ್ನೂ ಮಜಾ. ಒಣಗಿದಾಗ ತೊಟ್ಟಿನ ಕಡೆಯಿಂದ ಆರು ಹೋಳಾಗಿ ಬಿಚ್ಚಿಕೊಳ್ಳುತ್ತೆ, ಪುಟಾಣಿ ತೂಗುಬುಟ್ಟಿ ನೇತು ಹಾಕಿದ ಹಾಗೆ. ಒಳಗೆ ಬಿಲ್ಲೆಯಂಥ ಬೀಜ, ಸುತ್ತ ತೆಳು ರೆಕ್ಕೆ. ಗಾಳಿ ಬೀಸಿದಾಗ ಒಂದೊಂದೇ ಹಾರಿ ಹೋಗುತ್ತವೆ.

ಎಲೆ ಮಗುಚಿದಾಗ ಮೊಟ್ಟೆ ಸಿಕ್ಕಿತು. ಒಂದೇ. ಕಿತ್ತಳೆಗೆಂಪು ಬಣ್ಣದ ಗುಂಡು, ಸಾಸಿವೆಗಿಂತ ದೊಡ್ಡದು. ಇವು ಗುಂಪಾಗಿ ಮೊಟ್ಟೆ ಇಡೋದಿಲ್ಲ. ಒಂದು ಕಡೆ ಒಂದು, ಮುಂದೆ ಹೋಗಿ ಇನ್ನೊಂದು. ಒಂದು ಹುಳು ಎಷ್ಟು ಎಲೆ ತಿನ್ನುತ್ತೆ ಅಂತ ನೋಡಿದರೆ ಲೆಕ್ಕಾಚಾರ ಸರಿ ಅನ್ಸುತ್ತೆ.

ಆ ಹುಳು ಗೆಳೆಯನ ಕಣ್ಣಿಗೆ ಬಿತ್ತು. ಇದ್ದದ್ದು ಎರಡು. ಒಂದು ಸಣ್ಣದು, ಕಪ್ಪುಗೆಂಪು ಮೈ, ಮೈತುಂಬ ಕಿತ್ತಳೆಗೆಂಪಿನ ಮೆತ್ತನೆ ಮುಳ್ಳು. ಇದು ಕ್ರಿಮ್ಸನ್ ರೋಸ್ ಅನ್ನುವ ಬೇರೆ ಚಿಟ್ಟೆಯದು, ಅದಕ್ಕೂ ಇದೇ ಬಳ್ಳಿ ಊಟ. ಇನ್ನೊಂದು ನನ್ನ ತೋರುಬೆರಳಿನಷ್ಟು ದಪ್ಪ. ಹಳೇ ರೇಷ್ಮೆ ಸೀರೆಯ ಮೆರೂನ್ ಬಣ್ಣ. ಮುಳ್ಳುಗಳ ತುದಿ ಕೆಂಪು. ನಡುಮೈಯಲ್ಲಿ ಓರೆಯಾಗಿ ಒಂದು ಬಿಳಿ ಪಟ್ಟಿ, ಯಾರೋ ಸುಣ್ಣದ ಬೆರಳು ಎಳೆದ ಹಾಗೆ. ಇದೇ ನಮ್ಮದು.

ಗೆಳೆಯ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದ. ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಎರಡು ಕೊಂಬು ಹೊರಗೆ ಬಂದವು, ಹಾವಿನ ನಾಲಿಗೆಯಂತೆ ಕವಲೊಡೆದು. ಜೊತೆಗೆ ಮೂಗು ಮುರಿಯುವಂಥ ಒಂದು ವಾಸನೆ. ಹತ್ತು ಸೆಕೆಂಡು ಹಾಗೇ ಇದ್ದು ಕೊಂಬನ್ನು ಒಳಗೆಳೆದುಕೊಂಡು ಮತ್ತೆ ತಿನ್ನೋಕೆ ಶುರು ಮಾಡಿತು. ಎಲೆಯ ಅಂಚಿನಿಂದ ಕಚ್ಚಿ ಕಚ್ಚಿ, ತಲೆ ಮೇಲಿಂದ ಕೆಳಗೆ, ಮತ್ತೆ ಮೇಲಿಂದ ಕೆಳಗೆ. ಕಿವಿ ಹತ್ತಿರ ತಂದರೆ ಕರಕರ ಸದ್ದು. ನಾನು ನೋಡುತ್ತಿದ್ದಂತೆ ಇಪ್ಪತ್ತು ನಿಮಿಷದಲ್ಲಿ ಅರ್ಧ ಎಲೆ ಖಾಲಿ. ಮೂರು ವರ್ಷದಲ್ಲಿ ಈ ಚಿಟ್ಟೆ ನನ್ನ ಕ್ಯಾಮೆರಾ ಮುಂದೆ ಇಷ್ಟು ಹೊತ್ತು ನಿಂತಿರಲಿಲ್ಲ. ನಾನು ನೋಡುತ್ತಿದ್ದ ಎತ್ತರವೇ ತಪ್ಪಾಗಿತ್ತು.

ತಿನ್ನುವ ಎಲೆಯಲ್ಲಿ ವಿಷ ಇದೆ. ಅರಿಸ್ಟೊಲೋಕಿಕ್ ಆಮ್ಲ. ಹುಳು ಅದನ್ನು ಮೈಯಲ್ಲಿ ಕೂಡಿಡುತ್ತೆ. ಚಿಟ್ಟೆಯಾದ ಮೇಲೂ ಅದು ಹೋಗೋದಿಲ್ಲ. ಒಮ್ಮೆ ಬಾಯಿ ಹಾಕಿದ ಹಕ್ಕಿ ಇನ್ನೊಮ್ಮೆ ಹಾಕಲ್ಲ. ಹಕ್ಕಿರೆಕ್ಕೆ ಅಷ್ಟು ನಿಧಾನವಾಗಿ, ಊರ ಗೌಡನ ಹಾಗೆ ಹಾರುವ ಗುಟ್ಟು ಇದೇ.

ಆಯಿ ಹೇಳಿದರು, ಮೊದಲೆಲ್ಲ ಹಾವು ಕಚ್ಚಿದರೆ ಇದರ ಬೇರು ತೇದು ಕುಡಿಸುತ್ತಿದ್ದರಂತೆ. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ. ಅದೇ ಆಮ್ಲ ಮನುಷ್ಯರ ಕಿಡ್ನಿ ಹಾಳು ಮಾಡುತ್ತೆ, ಕ್ಯಾನ್ಸರನ್ನೂ ತರುತ್ತೆ ಅನ್ನೋದು ಈಗ ಸಾಬೀತಾಗಿರುವ ವಿಷಯ. ಹಾವು ಕಚ್ಚಿದರೆ ಆಸ್ಪತ್ರೆಗೆ ಹೋಗಿ. ಬಳ್ಳಿಯನ್ನು ಹುಳಕ್ಕೆ ಬಿಡಿ.

ಸಂಜೆ ಜಗಲಿಯಲ್ಲಿ ಕೂತಾಗ ಬೆಲ್ ವಿಷಯ ಬಂತು. ಇದೇ ಜಿಲ್ಲೆಯ ಕಾರವಾರದಲ್ಲಿ ಅರಣ್ಯಾಧಿಕಾರಿಯಾಗಿದ್ದವರು ಟಿ. ಆರ್. ಬೆಲ್. 1863ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿ, 1948ರಲ್ಲಿ ಕಾರವಾರದಲ್ಲೇ ತೀರಿಕೊಂಡರು. ಕಲೆಕ್ಟರ್ ಆಗಿದ್ದ ಡೇವಿಡ್ಸನ್, ಉಪ್ಪಿನ ಇಲಾಖೆಯ ಏಟ್ಕೆನ್ ಜೊತೆ ಸೇರಿ 1890ರ ದಶಕದಲ್ಲಿ ಈ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಬರೆದರು. ಆಗ ಉತ್ತರ ಕನ್ನಡ ಬಾಂಬೆ ಪ್ರಾಂತ್ಯದಲ್ಲಿತ್ತು. ಆ ಕಾಲದ ಬಹಳ ಮಂದಿ ದೊರೆಗಳು ಬಲೆ ಬೀಸಿ ಚಿಟ್ಟೆ ಹಿಡಿದು ಪಿನ್ನು ಚುಚ್ಚಿಟ್ಟರು. ಇವರು ಹುಳು ತಂದು ಸಾಕಿದರು. ಯಾವ ಹುಳು ಯಾವ ಎಲೆ ತಿನ್ನುತ್ತೆ, ಗೂಡು ಹೇಗಿರುತ್ತೆ ಅಂತ ಕೂತು ಬರೆದರು. ನಿನ್ನೆ ಬೇಲಿ ಮುರಿದು ಓಡಿದ ನನ್ನ ನೆನಪಾಗಿ ನಾಚಿಕೆಯಾಯಿತು.

"ನೀನು ಬೇಜಾರು ಮಾಡ್ಕೋಬೇಡ ಮಾರಾಯ," ಅಂದ ಗೆಳೆಯ. "ಹೋದ ವರ್ಷ ನಾನೇ ಯಂತ್ರ ತಂದು ಬೆಟ್ಟದ ಅಂಚೆಲ್ಲ ಹೆರೆಸಿದ್ದೆ. ಎಷ್ಟು ಬಳ್ಳಿ ಹೋಯ್ತೋ." ಇಲ್ಲಿ ಅಡಿಕೆ ತೋಟದ ಜೊತೆ ಸೊಪ್ಪಿನಬೆಟ್ಟ ಅಂತ ಇರುತ್ತೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಕಾಡು, ಸೊಪ್ಪು ದರಗು ತರೋಕೆ. ಕತ್ತಿಯಲ್ಲಿ ಸೊಪ್ಪು ಕಡಿಯುವಾಗ ಬಳ್ಳಿ ಉಳಿಯುತ್ತಿತ್ತು, ಕೈಗೆ ಕಣ್ಣಿತ್ತು. ಯಂತ್ರಕ್ಕೆ ಈಶ್ವರಿಯೂ ಒಂದೇ, ಕಳೆಯೂ ಒಂದೇ.

ಮೂರನೇ ದಿನ

ಯಾಣ. ಹೋಗಬೇಕು ಅಂತ ಮೊದಲೇ ಅಂದುಕೊಂಡಿದ್ದಕ್ಕೆ ಹೋದೆವು. ಇಲ್ಲದಿದ್ದರೆ ಬೇಲಿ ಬಿಟ್ಟು ಏಳುವ ಮನಸ್ಸಿರಲಿಲ್ಲ.

ದಾರಿಯುದ್ದಕ್ಕೂ ಮಳೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕಪ್ಪು ಬಂಡೆಗಳು ಮೋಡದೊಳಗೆ ತಲೆ ತೂರಿಸಿ ನಿಂತಿದ್ದವು. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ನಾನು ಬಿಡುತ್ತೇನೆ.

ಮಳೆಯಲ್ಲಿ ಚಿಟ್ಟೆ ಹುಡುಕೋದು ದಂಡ. ಬಿಸಿಲು ಬಿದ್ದು ಮೈ ಕಾಯ್ದರೆ ಮಾತ್ರ ಅವು ಏಳೋದು. ಹಾಗಾಗಿ ಇವತ್ತು ಶುರುವಿನಿಂದಲೇ ಕೆಳಗೆ ನೋಡುತ್ತ ನಡೆದೆ. ಫಲ ಸಿಕ್ಕಿತು. ದಾರಿ ಪಕ್ಕದ ಹೊಳೆಯ ಹತ್ತಿರ ಒಂದು ಬಳ್ಳಿ ಮರ ಹತ್ತಿತ್ತು. ಈಶ್ವರಿಯ ಅಕ್ಕ ಅನ್ನಬಹುದು, ಎಲೆ ಅಂಗೈಗಿಂತ ಅಗಲ, ಬುಡದಲ್ಲಿ ಹೃದಯದ ಆಕಾರ. ಅರಿಸ್ಟೊಲೋಕಿಯಾ ಟಗಾಲಾ. ಬೇಲಿ, ಕುರುಚಲು ಕಾಡಿನಲ್ಲಿ ಈಶ್ವರಿ ಇದ್ದರೆ ತೇವದ ದಟ್ಟ ಕಾಡಿನಲ್ಲಿ ಇದು. ಇದೂ ಹಕ್ಕಿರೆಕ್ಕೆಗೆ ಊಟ. ನೆರಳಿನಲ್ಲಿ ಬೆಳೆಯುವ ಥೊಟ್ಟಿಯಾ ಅನ್ನುವ ಒಂದು ಪೊದೆ ಗಿಡವೂ ಆಗುತ್ತೆ. ಬೇರೆ ಬೇರೆ ಕಾಡಿಗೆ ಬೇರೆ ಬೇರೆ ಅಡುಗೆಮನೆ, ಮನೆತನ ಮಾತ್ರ ಒಂದೇ.

ಎರಡು ಗಂಟೆಗೆ ಹತ್ತು ನಿಮಿಷ ಬಿಸಿಲು ಬಂತು. ಗಾಡಿ ನಿಲ್ಲಿಸಿದ ಜಾಗದ ಲಂಟಾನದ ಮೇಲೆ ಕಪ್ಪು ಕೆಂಪಿನ ಒಂದು ಚಿಟ್ಟೆ ಬಂತು. "ಕ್ರಿಮ್ಸನ್ ರೋಸ್!" ಅಂದ ಗೆಳೆಯ, ನಿನ್ನೆ ಕಲಿತ ಹೆಸರು. ಮೈ ನೋಡು ಅಂದೆ. ನಿಜವಾದ ರೋಸ್ ಆದರೆ ಮೈ ಕೆಂಪು. ಇದರದ್ದು ಕಪ್ಪು. ಇದು ಕಾಮನ್ ಮಾರ್ಮನ್ ಹೆಣ್ಣು. ಕರಿಬೇವು, ನಿಂಬೆ ಎಲೆ ತಿಂದು ಬೆಳೆದದ್ದು, ಮೈಯಲ್ಲಿ ಒಂದು ತೊಟ್ಟು ವಿಷ ಇಲ್ಲ. ಹಕ್ಕಿಯ ಕಣ್ಣಿಗೆ ಮಣ್ಣೆರಚೋಕೆ ವಿಷದ ಚಿಟ್ಟೆಯ ವೇಷ. ಇದೇ ಜಾತಿಯ ಹೆಣ್ಣುಗಳಲ್ಲಿ ಮೂರು ರೂಪ ಇವೆ. ಒಂದು ಕ್ರಿಮ್ಸನ್ ರೋಸ್ ಹಾಗೆ, ಒಂದು ಕಾಮನ್ ರೋಸ್ ಹಾಗೆ, ಇನ್ನೊಂದು ತನ್ನ ಗಂಡಿನ ಹಾಗೆಯೇ. ಈಶ್ವರಿಯ ವಿಷದ ಹೆಸರು ಹೇಳಿಕೊಂಡು ಬದುಕುವವರೂ ಇದ್ದಾರೆ ಅಂತಾಯ್ತು, ಒಂದು ಎಲೆ ಕೂಡ ತಿನ್ನದೆ.

ಹಕ್ಕಿರೆಕ್ಕೆ? ವಾಪಸ್ ಬರುವಾಗ ಮರದ ತುದಿಯಲ್ಲಿ ಒಂದು ಸುತ್ತು ಹೊಡೆದು ಹೋಯಿತು. ಕಪ್ಪು ಚುಕ್ಕೆ. ಕ್ಯಾಮೆರಾ ತೆಗೆಯಲಿಲ್ಲ.

ನಾಲ್ಕನೇ ದಿನ

ರಾತ್ರಿ ಬಸ್ಸಿಗೆ ಟಿಕೆಟ್ ಇತ್ತು. ಬೆಳಿಗ್ಗೆ ಏಳಕ್ಕೇ ಬೇಲಿ ಹತ್ತಿರ ಹೋದೆ. ಮೊನ್ನೆಯ ದಪ್ಪ ಹುಳು ಇರಲಿಲ್ಲ. ಬಳ್ಳಿಯೆಲ್ಲ ಹುಡುಕಿದೆ. ಇಲ್ಲ. ನಾನು ಕಟ್ಟಿದ ಎಳೆಗಳಲ್ಲಿ ಒಂದು ಬಾಡಿತ್ತು, ಇನ್ನೊಂದು ಚಿಗುರನ್ನು ನೆಟ್ಟಗೆ ಹಿಡಿದಿತ್ತು.

ಗೂಡು ಕಟ್ಟುವ ಹೊತ್ತಿಗೆ ಹುಳು ಊಟ ಬಿಟ್ಟು ತಿರುಗಾಟಕ್ಕೆ ಹೊರಡುತ್ತೆ. ಹಾಗೆಯೇ ಹೋಗಿರಬೇಕು. ಆಯಿ ಹಿತ್ತಿಲ ಕಾಫಿ ಗಿಡ ತೋರಿಸಿದರು. "ಅಲ್ಲೊಂದು ಇದ್ದು ನೋಡು, ಮೊದಲಿಂದೇಯ." ಐದು ನಿಮಿಷ ನೋಡಿದರೂ ಕಾಣಲಿಲ್ಲ. ಕಡೆಗೆ ಅವರೇ ಬೆರಳಿಟ್ಟು ತೋರಿಸಬೇಕಾಯಿತು. ಕಂದು ಬಣ್ಣದ ಮುದುಡಿದ ಒಣ ಎಲೆ ಅಂತ ನಾನು ಬಿಟ್ಟಿದ್ದೇ ಅದು. ಬಾಲದ ತುದಿ ಕಡ್ಡಿಗೆ ಅಂಟಿತ್ತು. ನಡುವಿಗೆ ಒಂದು ರೇಷ್ಮೆ ಎಳೆ, ತೆಂಗಿನ ಮರ ಹತ್ತುವವನ ಸೊಂಟದ ಹಗ್ಗದ ಹಾಗೆ. ಅದಕ್ಕೆ ಒರಗಿಕೊಂಡು ಗೂಡು ಹಿಂದಕ್ಕೆ ಬಾಗಿ ನಿಂತಿತ್ತು.

"ಮುಟ್ಟು," ಅಂದರು ಆಯಿ.

ಹುಲ್ಲಿನ ಕಡ್ಡಿಯಿಂದ ಮುಟ್ಟಿದೆ. ಗೂಡು ಒಮ್ಮೆ ಕೊಸರಿತು. ಹಿಸ್ಸ್ ಅಂತ ಒಂದು ಸದ್ದು. ಕೈ ತಾನಾಗೇ ಹಿಂದೆ ಬಂತು. ಬಾಯಿಲ್ಲ, ಕಾಲಿಲ್ಲ, ಓಡೋಕೆ ದಾರಿಯಿಲ್ಲ. ಹೊಟ್ಟೆಯ ಮಡಿಕೆಗಳನ್ನು ಒಂದಕ್ಕೊಂದು ಉಜ್ಜಿ ಹಾವಿನ ಹಾಗೆ ಬುಸುಗುಟ್ಟುತ್ತೆ. ಓದಿದ್ದರೂ ಕಿವಿಯಾರೆ ಕೇಳಿದಾಗ ಎದೆ ಧಸಕ್ ಅಂತು. ಆಯಿ ನಕ್ಕರು. ಮೊಮ್ಮಕ್ಕಳು ಬಂದಾಗ ಇದೇ ಆಟವಂತೆ.

ಹತ್ತೂವರೆಗೆ ಬಿಸಿಲು ಚೆನ್ನಾಗಿ ಬಿತ್ತು. ಬೇಲಿಯಿಂದ ಮೂರು ಮಾರು ದೂರ ಮಣೆ ಹಾಕಿಕೊಂಡು ಕೂತೆ. ಹನ್ನೊಂದರ ಹೊತ್ತಿಗೆ ಹೆಣ್ಣು ಬಂತು.

ಎಷ್ಟು ದೊಡ್ಡದು ಅಂತ ಹೇಗೆ ಹೇಳಲಿ. 1932ರಲ್ಲಿ ಬ್ರಿಗೇಡಿಯರ್ ಇವಾನ್ಸ್ ದಾಖಲಿಸಿದ ಈ ಜಾತಿಯ ಒಂದು ಚಿಟ್ಟೆಯ ಅಳತೆ 190 ಮಿಲಿಮೀಟರ್. ಹೆಚ್ಚು ಕಮ್ಮಿ ಒಂದು ಗೇಣು. 88 ವರ್ಷ ಭಾರತದ ಅತಿ ದೊಡ್ಡ ಚಿಟ್ಟೆ ಅನ್ನೋ ಪಟ್ಟ ಅದಕ್ಕೇ ಇತ್ತು. 2020ರಲ್ಲಿ ಉತ್ತರಾಖಂಡದ ದೀದಿಹಾಟ್‌ನ ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣೊಂದು 194 ಮಿಲಿಮೀಟರ್ ಅಂತ ದಾಖಲಾಗಿ ಪಟ್ಟ ಆ ಕಡೆ ಹೋಯಿತು. ನಾಲ್ಕು ಮಿಲಿಮೀಟರಿಗೆ! ನನಗೆ ಈಗಲೂ ಸ್ವಲ್ಪ ಹೊಟ್ಟೆಯುರಿ ಇದೆ.

ಹೆಣ್ಣು ಹೂವಿನ ಕಡೆ ತಿರುಗಿಯೂ ನೋಡಲಿಲ್ಲ. ಬೇಲಿಯುದ್ದಕ್ಕೂ ತಗ್ಗಿನಲ್ಲಿ ಹಾರಿತು. ಸಿಕ್ಕ ಎಲೆಗೆಲ್ಲ ಒಂದು ಕ್ಷಣ ಇಳಿದು ಮುಂಗಾಲಿನಿಂದ ತಟ್ಟಿ ತಟ್ಟಿ ನೋಡಿತು. ಇವುಗಳ ಕಾಲಿನಲ್ಲೇ ರುಚಿ ಇರುತ್ತೆ. ಗೊಬ್ಬರದ ಗಿಡ, ಅಲ್ಲ. ಕಾಡು ಮೆಣಸಿನ ಬಳ್ಳಿ, ಅಲ್ಲ. ಈಶ್ವರಿಗೆ ಬಂದಾಗ ತಟ್ಟುವ ವೇಗ ಜಾಸ್ತಿಯಾಯಿತು. ನಾನು ಕಟ್ಟಿದ ಎಳೆಯ ಮೇಲೆ ಇಳಿಯಿತು. ಉಸಿರು ಹಿಡಿದುಕೊಂಡೆ. ತಟ್ಟಿತು, ಎರಡು ಎಲೆ ಸುತ್ತಿತು, ಎದ್ದಿತು. ಪಕ್ಕದಲ್ಲೇ ಇದ್ದ ಗೊಬ್ಬರದ ಗಿಡದ ಎಲೆಗೆ ನೇತುಬಿದ್ದು, ಹೊಟ್ಟೆಯನ್ನು ಕೊಕ್ಕೆಯಂತೆ ಬಗ್ಗಿಸಿ, ಎಲೆಯಡಿಗೆ ಒಂದು ಮೊಟ್ಟೆ ಅಂಟಿಸಿ ಹೋಯಿತು.

"ಅಯ್ಯೋ, ತಪ್ಪು ಗಿಡಕ್ಕೆ ಇಡ್ತಲ್ಲೋ!" ಗೆಳೆಯ ಪಿಸುಗುಟ್ಟಿದ. ಹಾಗೇನಿಲ್ಲ, ಬಳ್ಳಿಯ ಪಕ್ಕದ ಗಿಡಕ್ಕೂ ಕೆಲವು ಸಲ ಇಡುತ್ತವೆ, ಮರಿ ಹುಳು ನಡೆದು ಬರುತ್ತೆ. ಅಷ್ಟು ಹೇಳಿದೆನಾದರೂ ನನ್ನ ಎಳೆ ಅದಕ್ಕೆ ರುಚಿಸಲಿಲ್ಲವೇನೋ ಅನ್ನೋ ಕೊರಗು ಉಳಿಯಿತು. ಫೋಟೋ ತೆಗೆದಿದ್ದೆ. ಹಳದಿಯೊಳಗಿನ ಕಪ್ಪು ಬೊಟ್ಟುಗಳನ್ನು ಒಂದೊಂದಾಗಿ ಎಣಿಸಬಹುದು. ಹಿನ್ನೆಲೆಯಲ್ಲಿ ಬಾಳೆ ನಾರಿನ ಗಂಟು.

ಹೊರಡುವಾಗ ಆಯಿ ಕಾಗದದಲ್ಲಿ ಏನೋ ಮಡಿಸಿ ಕೊಟ್ಟರು. ತೊಡದೇವು ಇರಬೇಕು ಅಂದುಕೊಂಡೆ. ಬಸ್ಸಿನಲ್ಲಿ ಬಿಚ್ಚಿದರೆ ಈಶ್ವರಿಯ ಬೀಜ, ರೆಕ್ಕೆಯ ಬಿಲ್ಲೆಗಳು. ಕಿಟಕಿ ತೆರೆದಿತ್ತು, ನಾಲ್ಕೈದು ಹಾರಿ ಹೋದವು. ಪಕ್ಕದವರು ಏನ್ರೀ ಅದು ಅಂತ ಕೋಟು ಕೊಡವಿಕೊಂಡರು.

ಹದಿನಾರು ದಿನ ಬಿಟ್ಟು ಗೆಳೆಯನಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಕಾಫಿ ಗಿಡದ ಕಡ್ಡಿ, ಅದರ ಮೇಲೆ ಬೆನ್ನು ಸೀಳಿದ ಖಾಲಿ ಗೂಡು. ಯಾರೂ ನೋಡಲಿಲ್ಲವಂತೆ. ಆಯಿ ಹಾಲು ಕರೆಯೋಕೆ ಕೊಟ್ಟಿಗೆಗೆ ಹೋಗಿದ್ದರಂತೆ, ಇವನು ಮಲಗಿದ್ದನಂತೆ. ಗಂಡೋ ಹೆಣ್ಣೋ ಗೊತ್ತಾಗುತ್ತಾ ಅಂತ ಕೇಳಿದ್ದ. ಫೋಟೋ ದೊಡ್ಡದು ಮಾಡಿ ತುಂಬ ಹೊತ್ತು ನೋಡಿದೆ. ರೇಷ್ಮೆ ಎಳೆ ಇನ್ನೂ ಹಾಗೇ ಇತ್ತು.